ಢೇ ಎಂಬ ಪದಕ್ಕೊಂದು ಸಹಿ

ಚಿತ್ರದುರ್ಗದ ಪಿಂಚಣಿದಾರರ ಕ್ಲಬ್ಬಿನಲ್ಲಿ ಮಧ್ಯಾಹ್ನವಾಯಿತೆಂದರೆ ಪದ ಕಟ್ಟುವ ಆಟ. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಮಾಡಬೇಕು. ಯಾರ ಬಿಲ್ಲೆ ಮೊದಲು ಖಾಲಿಯೋ ಅವರು ಗೆದ್ದಂತೆ. ಆವತ್ತು ನಿವೃತ್ತ ತಹಶೀಲ್ದಾರ್ ಸೀತಾಪತಿರಾಯರ ಕೈಯಲ್ಲಿ ಉಳಿದದ್ದು ಒಂದೇ ಬಿಲ್ಲೆ, ‘ಢೇ’. ರಾಯರು ಅದೊಂದನ್ನೇ ಹಲಗೆಯ ಮೇಲೆ ಟಪ್ಪೆಂದು ಇಟ್ಟರು.

“ಢೇ ಅಂದ್ರೇನ್ರಿ?” ಎಂದರು ಎದುರಿಗೆ ಕೂತಿದ್ದ ಪೋಸ್ಟ್‌ಮಾಸ್ಟರ್ ಚಂದ್ರಮೌಳಿ.

“ಪಾರಸಿಯಲ್ಲಿ ಗಾಳಿ, ಸಂಸ್ಕೃತದಲ್ಲಿ ಜಿಂಕೆ, ಹಳಗನ್ನಡದಲ್ಲಿ ನಾಚಿಕೆ!” ರಾಯರು ಕ್ಲಬ್ಬಿನ ಅಟೆಂಡರ್ ಓಬಯ್ಯನತ್ತ ತಿರುಗಿದರು. “ಏನಯ್ಯಾ, ಪದ ಸರಿ ಇದೆ ತಾನೇ?”

ಓಬಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ರಾಯರೇ ಕ್ಲಬ್ಬಿನ ಅಧ್ಯಕ್ಷರು. ಇಲ್ಲ ಅಂದರೆ ಕೆಲಸ ಹೋಗುತ್ತದೆ, ಹೌದು ಅಂದರೆ ಮಾನ ಹೋಗುತ್ತದೆ. ಮಾನ ಅವನ ಹತ್ತಿರ ಹೆಚ್ಚೇನೂ ಇರಲಿಲ್ಲ. ಆದರೂ ಇದ್ದಷ್ಟನ್ನು ಉಳಿಸಿಕೊಳ್ಳೋಣ ಅನ್ನಿಸಿತು.

“ಭಾರಿ ಪದ ಸ್ವಾಮಿ!” ಎನ್ನುತ್ತಾ ಒಂದು ಹಾಳೆಯಲ್ಲಿ ಪದವನ್ನೂ ಮೂರು ಅರ್ಥಗಳನ್ನೂ ಬರೆದ. “ನೋಟಿಸ್ ಬೋರ್ಡಿಗೆ ಹಚ್ತೀನಿ. ಕಾಲೇಜು ಮೇಷ್ಟ್ರುಗಳೂ ನೋಡಿ ಕಲೀಲಿ. ಕೆಳಗೆ ತಮ್ಮದೊಂದು ಸಹಿ ಹಾಕ್ಬಿಡಿ.”

ರಾಯರು ಪೆನ್ನು ತೆಗೆದರು. ಕ್ಯಾಪು ಬಿಚ್ಚಿದರು. ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಎರಡು ಸಲ ನೋಡಿದರು. ಆಮೇಲೆ ಕ್ಯಾಪು ಮುಚ್ಚಿ, ಬಿಲ್ಲೆಯನ್ನು ಮೆಲ್ಲಗೆ ವಾಪಸು ತೆಗೆದುಕೊಂಡು, “ಇನ್ನೂ ಸ್ವಲ್ಪ ಪರಿಶೀಲನೆ ಆಗ್ಬೇಕು,” ಎಂದರು.

ರಾಯರು ಮನೆಗೆ ಹೋದ ಮೇಲೆ ಚಂದ್ರಮೌಳಿ ಓಬಯ್ಯನ ಬೆನ್ನು ತಟ್ಟಿದರು. “ಅಂಥ ಪದವೇ ಇಲ್ಲ ಅಂತ ನಿನಗೆ ಹೇಗಯ್ಯಾ ಗೊತ್ತಾಯ್ತು?”

“ಕನ್ನಡದಲ್ಲೇ ಮೂರು ಸಲ ಫೇಲಾದವನು ನಾನು, ಪದ ನನಗೇನು ಗೊತ್ತು ಸ್ವಾಮಿ? ರಾಯರು ಗೊತ್ತು. ಅವರ ಆಫೀಸಲ್ಲಿ ಆರು ವರ್ಷ ಜವಾನನಾಗಿದ್ದೆ. ಸಹಿಗೆ ಅಂತ ಹಿಡಿದ ಫೈಲು ಇನ್ನೂ ನನ್ನ ಕಂಕುಳಲ್ಲೇ ಇದೆ.”