ಜಿಗಿತದ ಬಟನ್ ಮತ್ತು ಕತ್ತಿಯ ಬಟನ್

ಪ್ರಫುಲ್ಲಾಳ ಗೇಮ್ ಕಂಟ್ರೋಲರಿನಲ್ಲಿ ಜಿಗಿತದ ಬಟನ್ ತಾನೇ ದೊಡ್ಡದೆಂದು ಬೀಗುತ್ತಿತ್ತು. ಆ ದಿನ ಆನ್‌ಲೈನ್ ಆಟದಲ್ಲಿ ಅವಳ ಜೊತೆಗಾರರೆಲ್ಲ ಘಟಸರ್ಪಕ್ಕೆ ಬಲಿಯಾಗಿ, ಅವಳ ವೀರನೊಬ್ಬನೇ ಉಳಿದಿದ್ದ. ಜಿಗಿತದ ಬಟನ್ ಅವನನ್ನು ಸರ್ಪದ ಹೆಡೆಯವರೆಗೂ ಎತ್ತಿತು. ಅವನು ಸುಮ್ಮನೆ ಕೆಳಗಿಳಿದ. ಆಮೇಲೆ ಕತ್ತಿಯ ಬಟನ್ ಕತ್ತಿ ಬೀಸಿಸಿತು. ಏಟು ಬಾಲಕ್ಕಷ್ಟೇ ತಾಗಿತು.

"ಅವನು ಇಳಿದ ಮೇಲೆ ಬೀಸಿ ಏನು ಪ್ರಯೋಜನ?" ಎಂದು ಜಿಗಿತದ ಬಟನ್ ಗದರಿತು.

"ನಾನು ಬೀಸುವಾಗ ನೀನು ಎತ್ತಿದ್ದೆಯಾ?" ಎಂದಿತು ಕತ್ತಿಯ ಬಟನ್.

ಅಷ್ಟರಲ್ಲಿ ಪ್ರಫುಲ್ಲಾ ಉಸಿರು ಬಿಗಿಹಿಡಿದು ಎರಡನ್ನೂ ಒಟ್ಟಿಗೇ ಒತ್ತಿದಳು. ವೀರ ಬೆಂಕಿಯ ಚಕ್ರದಂತೆ ಸುತ್ತುತ್ತ ಮೇಲೇರಿ ಸರ್ಪದ ಹೆಡೆಯನ್ನೇ ಸೀಳಿಬಿಟ್ಟ. "ಅಬ್ಬಾ!" ಎಂದಳು ಅವಳು.

ಜಿಗಿತದ ಬಟನ್ ಕೇಳಿತು: "ಅಣ್ಣಾ, ಇಷ್ಟು ದೊಡ್ಡ ವಿದ್ಯೆ ನಿನ್ನಲ್ಲಿತ್ತೇ?"

"ನಿನ್ನದು ಅಂದುಕೊಂಡೆನಲ್ಲಾ!" ಎಂದಿತು ಕತ್ತಿಯ ಬಟನ್.