ಎರಡನೆಯ ಪ್ರಶ್ನೆ

“ಗುರುಗಳೇ, ಮುನಿದು ಹೋದ ತಮ್ಮನನ್ನು ಎಷ್ಟು ಕರೆದರೂ ಅವನೇಕೆ ಓಗೊಡುವುದಿಲ್ಲ?” ಎಂದು ಮರುಳಸಿದ್ಧ ಕೇಳಿದ.

ಅವನು ಕರೆಯುತ್ತಿದ್ದದ್ದು ಮನೆತನದ ವಾಟ್ಸಾಪ್ ಗುಂಪಿನಲ್ಲಿ. ಗುಂಪು ಕಟ್ಟಿದವನು ಅವನೇ. ಶುಭೋದಯದ ಹೂವುಗಳ ಹಾವಳಿ ತಾಳಲಾರದೆ, ತಾನೊಬ್ಬನೇ ಬರೆಯುವಂತೆ ಅದಕ್ಕೆ ಬೀಗ ಹಾಕಿದವನೂ ಅವನೇ. ಅಂದಿನಿಂದ ಅಲ್ಲಿ ಒಳ್ಳೆಯ ಶಿಸ್ತು ನೆಲೆಸಿದೆ ಎಂದು ಗುರುಗಳಿಗೂ ಹೇಳಿದ. “ಚನ್ನವೀರ, ಹಬ್ಬಕ್ಕೆ ಬಾರಪ್ಪ. ಬರ್ತೀಯೋ ಇಲ್ಲವೋ ಒಂದು ಮಾತು ತಿಳಿಸು” ಎಂದು ಬರೆದಿದ್ದ. ಬೆಳಗೆದ್ದರೆ ಮೊದಲು ಅದನ್ನೇ ತೆರೆದು ನೋಡುತ್ತಿದ್ದ. ತಮ್ಮ ಓದಿದ ಗುರುತು ಇರುತ್ತಿತ್ತು. ಮಾತು ಇರುತ್ತಿರಲಿಲ್ಲ.

ಮಠದ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಡಗಿ ಇದ್ದ. ಮನೆಯಲ್ಲಿ ಅವನನ್ನು ವಿಚಾರಿಸುವವರು ಉಳಿದಿರಲಿಲ್ಲ. ಅದಕ್ಕೆಂದೇ ಕಂಪ್ಯೂಟರ್ ಕಲಿತು ಒಂದು ಪ್ರೋಗ್ರಾಮ್ ಬರೆದ. ಅದು “ಊಟ ಆಯಿತೇ?” ಎನ್ನಬೇಕು. ಅವನು “ಆಯಿತು” ಎಂದು ಬರೆದರೆ “ಏನು ಸಾರು?” ಎನ್ನಬೇಕು. ಮೊದಲನೆಯ ಪ್ರಶ್ನೆಯನ್ನು ದಾರಿಹೋಕರೂ ಕೇಳುತ್ತಾರೆ. ಅವನಿಗೆ ಬೇಕಿದ್ದದ್ದು ಎರಡನೆಯದು.

ಪ್ರೋಗ್ರಾಮ್ ಬರೆಯುವ ಎಡಿಟರ್‌ಗೆ ಸೇರಿಸಿಕೊಂಡ ಎಕ್ಸ್‌ಟೆನ್ಷನ್ ಎಂಬ ಸಲಕರಣೆಯ ಗುಂಡಿ ಒತ್ತಿದರೆ ಪ್ರೋಗ್ರಾಮ್ ಓಡಬೇಕು. ಓಡಲಿಲ್ಲ. ಅದರೊಳಗಿನ ಆಜ್ಞೆ ಪೈಥಾನ್ ಭಾಷೆಯ ಹಳೆಯ ಆವೃತ್ತಿಯನ್ನು ಕರೆಯುತ್ತಿತ್ತು. ಹೊಸದನ್ನು ಕರೆಯುವಂತೆ ತಿದ್ದಿದ. ಆಗ ಕೆಳಗಿನ ಕಿಟಕಿಯಲ್ಲಿ “ಊಟ ಆಯಿತೇ?” ಎಂದು ಮೂಡಿತು. ಬಡಗಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. “ಆಯಿತು” ಎಂದು ಒತ್ತಿದ. ಅಕ್ಷರ ಮೂಡಲಿಲ್ಲ. ಪ್ರಶ್ನೆಯಲ್ಲಿ ಆದರ ಸಾಲದೇನೋ ಎಂದು “ಊಟ ಆಯಿತೇನಪ್ಪ?” ಎಂದು ಬದಲಿಸಿದ. ಆದರ ಹೆಚ್ಚಿತು. ಅಕ್ಷರ ಮೂಡಲಿಲ್ಲ.

ಪ್ರೋಗ್ರಾಮ್ ಬರೆದೇ ಬದುಕುವ ನೆರೆಮನೆಯಾಕೆ ಬಂದಳು.

“ಯಾರ ಮೇಲೆ ಮಾವ, ಸಿಟ್ಟು?”

“ಇದರ ಮೇಲೇ ಕಣಮ್ಮ. ಕೇಳುತ್ತೆ, ಹೇಳಿದರೆ ತಗೊಳ್ಳಲ್ಲ.”

“ಅದು ಪಾಪ ಕಾಯ್ತಾನೇ ಇದೆ. ಈ ಕಿಟಕಿ ಬರೀ ತೋರಿಸೋಕೆ ಇರೋದು, ಇಲ್ಲಿ ನಿಮಗೆ ಬರೆಯೋಕೆ ಬಿಡಲ್ಲ. ಬರೆಯೋಕೂ ಬಿಡೋ ಕಿಟಕಿ ಇನ್ನೊಂದಿದೆ, ಟರ್ಮಿನಲ್ ಅಂತ; ಆ ಟರ್ಮಿನಲ್‌ನಲ್ಲಿ ಓಡಿಸಿ.”

ಸೆಟ್ಟಿಂಗ್ಸ್‌ನಲ್ಲಿ ಒಂದು ಗುರುತು ಹಾಕಿ ಹೋದಳು. ಬಡಗಿ ಮತ್ತೆ ಗುಂಡಿ ಒತ್ತಿ “ಆಯಿತು” ಎಂದು ಬರೆದ. “ಏನು ಸಾರು?” ಎಂದಿತು. ಒಂದು ಸಾರಿನ ವಿಷಯ ಬರೆಯುತ್ತ ಅವನು ಬಹಳ ಹೊತ್ತು ಕುಳಿತ.

“ಎಂಥ ದಡ್ಡ, ಪಾಪ!” ಎಂದು ಮರುಳಸಿದ್ಧ ಮರುಗಿದ. ಆಮೇಲೆ ತಮ್ಮನ ಮಾತು ಬಂದಿದೆಯೇನೋ ಎಂದು ಮೊಬೈಲಿನಲ್ಲಿ ಗುಂಪನ್ನು ತೆರೆದ.

ಗುರುಗಳು ಬಗ್ಗಿ ನೋಡಿ, “ಇದರಲ್ಲಿ ಅವನು ಎಲ್ಲಿ ಬರೆಯಬೇಕು, ತೋರಿಸು” ಎಂದರು.