ಏಳದ ಭಂಗಿ

ನನ್ನ ತಲೆಯೊಳಗೆ ಒಂದು ಕುರ್ಚಿಯಿದೆ. ಅದನ್ನು ಮಾಡಿದ್ದು ಈ ಮೈಯಲ್ಲೇ ಹುಟ್ಟಿದ ಆನಂದನಿಗಾಗಿ. ನರಗಳು ಗಲಾಟೆ ಎಬ್ಬಿಸಿದಾಗ ಅವನು ಬಂದು ಕೂತು, "ಸ್ವಲ್ಪ ಮೆಲ್ಲಗೆ" ಎಂದು ಹೇಳಿ, ಎದ್ದು ಹೋಗುತ್ತಿದ್ದ.

ಮಂಡಿನೋವಿಗೆಂದು ನಾನು ಗಾಂಜಾ ಸೊಪ್ಪು ಸೇದಿದ ದಿನ, ಹೊಗೆಯ ಜೊತೆ ಬಂದ ಹೊಸಬನೊಬ್ಬ ಕುರ್ಚಿಯಲ್ಲಿ ಕೂತ.

"ಯಾರಪ್ಪ ನೀನು?" ಎಂದಿತು ಕುರ್ಚಿ.

"ಭಂಗಿ."

"ಕೂರುವ ಭಂಗಿಯೋ, ನಿಲ್ಲುವ ಭಂಗಿಯೋ?"

"ಏಳದ ಭಂಗಿ."

ಅವನು ಕೂತಲ್ಲಿಂದಲೇ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಲೇ ಇದ್ದ. ಓಡಿ ಬರುತ್ತಿದ್ದ ನೆನಪು ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು. ಯಜಮಾನನಾದ ನಾನು ನನ್ನದೇ ಚಪ್ಪಲಿಗೆ ನಮಸ್ಕಾರ ಮಾಡಿ, ಅದು ತಿರುಗಿ ಮಾಡಲಿಲ್ಲವೆಂದು ಮುನಿಸಿಕೊಂಡೆ.

ನಾನು ದಿನವೂ ಸೇದಿದೆ; ದಿನವೂ ಹೀಗೇ ನಡೆಯಿತು. ಆನಂದ ಬಂದಾಗಲೆಲ್ಲ ಜಾಗವಿಲ್ಲದೆ ಹಿಂತಿರುಗಿದ. ಕೊನೆಗೆ ಕುರ್ಚಿಯೇ, "ನನ್ನ ಕೈಲಿ ಇನ್ನು ಆಗದು" ಎಂದು ಗೋಡೆಯೊಳಗೆ ಸರಿದುಕೊಂಡಿತು. ಕೂರಲು ಏನೂ ಸಿಗದೆ ಭಂಗಿ ಹೊರಟುಹೋದ. ಮಂಡಿ ಮೊದಲಿಗಿಂತ ಜೋರಾಗಿ ನೋಯತೊಡಗಿತು.

ಆಗ ಆನಂದ ಬಾಗಿಲಲ್ಲಿ ನಿಂತು ಕೇಳಿದ: "ಯಜಮಾನರೇ, ನಾಲ್ಕು ದಿನ ಸೇದದೆ ಸುಮ್ಮನಿದ್ದರೆ ಕುರ್ಚಿ ತಾನೇ ಹೊರಗೆ ಬರುತ್ತದೆ. ಕಾಯಲೇ?"

"ನಾಳೆ ಬಾ" ಎಂದು ಅವನಿಗೆ ಹೇಳಿ, ನಾನು ಬೆಂಕಿಪೊಟ್ಟಣ ಹುಡುಕಿದೆ.